ಹೊರಗಿನ ಪೆಟ್ಟಿಗೆ

ಶಿವರಾತ್ರಿಗೆ ಚಳಿ ಶಿವ ಶಿವಾ ಎನ್ನುತ್ತ ಓಡಿ ಹೋಗುತ್ತದೆ ಎನ್ನುವುದು ನಮ್ಮ ಗಲ್ಲಿಯ ಹಿರಿಯರ ಮಾತು. ನಮ್ಮ ಅಮ್ಮಿಯೂ ಈ ಮಾತನ್ನು ತಮ್ಮ ದಖನಿಯಲ್ಲಿ ಬೆರೆಸಿ ಹೇಳುತ್ತಾರೆ. ಕಲಬುರಗಿಯಲ್ಲಿ ಅದು ಓಡುವ ರಭಸ ಎಷ್ಟೆಂದರೆ, ಇಂದು ರಜಾಯಿ ಮಡಚಿಟ್ಟರೆ ನಾಳೆ ಫ್ಯಾನಿನ ರೆಕ್ಕೆಗಳ ಧೂಳು ಒರೆಸಬೇಕು. ಮಾರ್ಚ್ ಕೊನೆಯ ಹೊತ್ತಿಗೆ ಉಷ್ಣಾಂಶ 40 ಡಿಗ್ರಿಯ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಸ್ತಿಲು ದಾಟಿದ ದಿನಗಳನ್ನು ಯಾರೂ ಎಣಿಸುವುದಿಲ್ಲ. ಆ ಎರಡು ತಿಂಗಳು ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುವ ರೂಢಿಯಿದೆ. ಬೆಂಗಳೂರಿನ ಗೆಳೆಯರು ಇದನ್ನು ಕೇಳಿ ನಗುತ್ತಾರೆ. ಮೇ ತಿಂಗಳ ಒಂದು ಮಧ್ಯಾಹ್ನ ಎರಡು ಗಂಟೆಗೆ ಅವರು ಸೂಪರ್ ಮಾರ್ಕೆಟಿನಿಂದ ದರ್ಗಾದವರೆಗೆ ನಡೆದು ಬರಲಿ, ಆಮೇಲೆ ನಗಲಿ.

ನಾವು ಚಿಕ್ಕವರಿದ್ದಾಗ ಬೇಸಿಗೆಯ ತಯಾರಿ ಎಂದರೆ ಬೇರೆಯೇ ಇತ್ತು. ಹೊಸ ಮಣ್ಣಿನ ಕೊಡ ಬರುತ್ತಿತ್ತು. ಮಾಳಿಗೆಯ ಮೇಲೆ ಹಾಸಲು ಚಾಪೆಗಳನ್ನು ಒದರಿ ಒಣಗಿಸುತ್ತಿದ್ದರು. ಶಹಾಬಾದ್ ಫರಸಿ ಹಾಸಿದ ನಡುಮನೆಯಲ್ಲಿ ಮಧ್ಯಾಹ್ನ ನೀರು ಚಿಮುಕಿಸಿ ಬರಿ ಮೈಯಲ್ಲಿ ಮಲಗಿದರೆ ಬೆನ್ನಿಗೆ ಹತ್ತುತ್ತಿದ್ದ ತಂಪು ಈಗಲೂ ನೆನಪಿದೆ. ಸ್ಥಿತಿವಂತರ ಮನೆಗಳ ಕಿಟಕಿಗೆ ಖಸ್ ತಟ್ಟಿ. ಲಾವಂಚದ ಬೇರಿನ ಆ ಪರದೆಗೆ ತಂಬಿಗೆಯಿಂದ ನೀರು ಎರಚುವ ಕೆಲಸಕ್ಕೆ ಮಕ್ಕಳಲ್ಲಿ ಜಗಳ. ಕೋಟೆಯೊಳಗಿನ ಜಾಮಿಯಾ ಮಸೀದಿ 1367ರದ್ದು. ಬೇರೆ ಮಸೀದಿಗಳಿಗಿರುವಂತೆ ಅದಕ್ಕೆ ಬಯಲು ಅಂಗಳವಿಲ್ಲ, ಇಡೀ ಅಂಗಳದ ಮೇಲೆ ಗುಮ್ಮಟಗಳ ಸೂರು. ಕಟ್ಟಿದವರ ಮನಸ್ಸಿನಲ್ಲಿ ಏನಿತ್ತೋ, ಏಪ್ರಿಲ್ ಮಧ್ಯಾಹ್ನ ಆ ಕಮಾನುಗಳ ಕೆಳಗೆ ಕುಳಿತವನಿಗೆ ಕಾರಣ ಕೇಳುವ ಮನಸ್ಸೇ ಬರುವುದಿಲ್ಲ.

ಮಣ್ಣಿನ ದಪ್ಪ ಗೋಡೆಗಳು ಬಿದ್ದು ನಾಲ್ಕೂವರೆ ಇಂಚಿನ ಗೋಡೆ, ಅದರ ಮೇಲೆ ಆರ್‌.ಸಿ.ಸಿ. ಸ್ಲ್ಯಾಬ್ ಬಂದಮೇಲೆ ಎಲ್ಲರ ಮನೆಗೂ ಕೂಲರ್ ಬಂತು. ನಮ್ಮ ಊರಿನ ಒಣ ಹವೆಗೆ ಕೂಲರಿನಷ್ಟು ಒಪ್ಪುವ ವಸ್ತು ಬೇರೊಂದಿಲ್ಲ ಎಂದು ನಮ್ಮ ಈಗಿನ ಅಭಿಪ್ರಾಯವೂ ಹೌದು. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಅಷ್ಟೇ ಅದರ ವಿದ್ಯೆ. ಮಂಗಳೂರಿನ ತೇವದ ಗಾಳಿಯಲ್ಲಿ ಆ ವಿದ್ಯೆ ನಡೆಯುವುದಿಲ್ಲ, ನಮ್ಮಲ್ಲಿ ಚೆನ್ನಾಗಿ ನಡೆಯುತ್ತದೆ. ಕಿಟಕಿ ತೆರೆದಿರಬೇಕು, ಟ್ಯಾಂಕಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಬಸಿದು ತಿಕ್ಕಬೇಕು. ಇಲ್ಲವಾದರೆ ಡೆಂಗಿ ಸೊಳ್ಳೆಗೆ ನಾವೇ ತೊಟ್ಟಿಲು ಕಟ್ಟಿದಂತೆ. ಬೋರಿನ ಗಡಸು ನೀರು ಪ್ಯಾಡಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು.

ಇಷ್ಟು ಕೂಲರ್ ಪ್ರೀತಿಯ ನಮ್ಮ ಮನೆಗೆ ಎ.ಸಿ. ಬಂದದ್ದು 2024ರಲ್ಲಿ. ಆ ವರ್ಷ ಮೇ 7ರಂದು ನಮ್ಮಲ್ಲಿ ಲೋಕಸಭೆಗೆ ಮತದಾನ. ಅಮ್ಮಿ ಬೆಳಿಗ್ಗೆಯೇ ಬುರ್ಖಾ ತೊಟ್ಟು ಸಿದ್ಧರಾದರು. ಎಪ್ಪತ್ತೈದು ದಾಟಿದ್ದರೂ ಓಟು ಬಿಟ್ಟವರಲ್ಲ. ಸಾಲಿನಲ್ಲಿ ನಿಂತು ಬೆರಳಿಗೆ ಶಾಯಿ ಹಚ್ಚಿಸಿಕೊಂಡು ನಗುತ್ತಲೇ ಮನೆಗೆ ಬಂದರು. ಸಂಜೆಗೆ ಮಾತು ತೊದಲಿತು. ಮುಟ್ಟಿ ನೋಡಿದರೆ ಮೈ ಕಾದ ತವೆ, ಹನಿ ಬೆವರಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡ ಡಾಕ್ಟರು ಬಿಡಿಸಿ ಹೇಳಿದರು: ವಯಸ್ಸಾದಂತೆ ಬೆವರುವ ಶಕ್ತಿ ಕುಂದುತ್ತದೆ, ಬಾಯಾರಿಕೆಯೇ ಗೊತ್ತಾಗುವುದಿಲ್ಲ, ರಕ್ತದೊತ್ತಡದ ಕೆಲವು ಗುಳಿಗೆಗಳು ಮೈಯ ನೀರನ್ನು ಹೊರಗೆ ಹಾಕುತ್ತವೆ. ಗಾಳಿಯೇ 40 ಡಿಗ್ರಿ ಇದ್ದಾಗ ಫ್ಯಾನು ಬಿಸಿಯನ್ನೇ ತಂದು ಮೈಮೇಲೆ ಸುರಿಯುತ್ತದೆ. ಅಮ್ಮಿಗೆ ದಮ್ಮು ಇರುವುದರಿಂದ ಕೂಲರಿನ ತೇವವೂ ಬೇಡ ಎಂದರು. ಹೀಗೆ ಒಂದೂವರೆ ಟನ್ನಿನ ಯಂತ್ರ ಕಂತಿನ ಮೇಲೆ ನಮ್ಮ ಮನೆಗೆ ಬಂತು.

ಈ ‘ಟನ್’ ಎನ್ನುವುದು ತೂಕ ಎಂದು ನಂಬಿರುವವರು ಬಹಳ. ನಮ್ಮ ನೆಂಟರೊಬ್ಬರು ಗೋಡೆ ತಡೆಯುತ್ತದೆಯೇ ಎಂದು ತಟ್ಟಿ ನೋಡಿದರು. ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುತ್ತ ಎಷ್ಟು ಬಿಸಿಯನ್ನು ಹೀರುತ್ತದೋ ಅಷ್ಟು ಬಿಸಿಯನ್ನು ತೆಗೆಯುವ ಶಕ್ತಿಗೆ ಆ ಹೆಸರು. ಮಂಜುಗಡ್ಡೆ ಹಡಗಿನಲ್ಲಿ ಮಾರಾಟಕ್ಕೆ ಬರುತ್ತಿದ್ದ ಕಾಲದ ಗುರುತು ಅದು. 1833ರಲ್ಲಿ ಅಮೆರಿಕದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಬಾಸ್ಟನ್ನಿನಿಂದ ಕಲ್ಕತ್ತೆಗೆ ಮರದ ಹೊಟ್ಟಿನಲ್ಲಿ ಹುದುಗಿಸಿ ಮಂಜುಗಡ್ಡೆ ಕಳಿಸಿದ್ದ. ಆಮೇಲೆ ಫ್ಲಾರಿಡಾದಲ್ಲಿ ಜಾನ್ ಗೋರಿ ಎಂಬ ವೈದ್ಯ ಜ್ವರದ ರೋಗಿಗಳ ಕೋಣೆ ತಂಪಾಗಿಡಲು ಒದ್ದಾಡಿ ಮಂಜುಗಡ್ಡೆ ಮಾಡುವ ಯಂತ್ರವನ್ನೇ ರೂಪಿಸಿದ. 1851ರಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತು. ದುಡ್ಡು ಹಾಕುವವರು ಸಿಗದೆ 1855ರಲ್ಲಿ ತೀರಿಕೊಂಡ. ಈಗಿನ ಎ.ಸಿ.ಯ ಮೂಲಪುರುಷ ಎನಿಸಿಕೊಂಡ ವಿಲ್ಲಿಸ್ ಕ್ಯಾರಿಯರನಿಗೆ 1902ರಲ್ಲಿ ಎದುರಾದದ್ದು ರೋಗಿಯ ಸಮಸ್ಯೆಯಲ್ಲ, ಬ್ರೂಕ್ಲಿನ್‌ನ ಒಂದು ಛಾಪಖಾನೆಯದು. ಹವೆಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಸರಿಯುತ್ತಿದ್ದವು. ಕಾಗದಕ್ಕಾಗಿ ಹುಟ್ಟಿದ ತಂಪು ಮನುಷ್ಯನಿಗೆ ಆಮೇಲೆ ಸಿಕ್ಕಿತು. ಬಣ್ಣ ಸರಿದ ಮುಖಪುಟಗಳನ್ನು ನೋಡಿ ಸಂಪಾದಕರು ಪ್ರೆಸ್ಸಿನವರ ಮೇಲೆ ಕೂಗಾಡುವುದನ್ನು ಕಂಡ ನಮ್ಮಂಥ ಬರಹಗಾರರಿಗೆ ಈ ಕಥೆ ಬಹಳ ಹಿಡಿಸಿತು.

ಇನ್ನು ತಯಾರಿಯ ಮಾತು. ನಾಲ್ಕೈದು ತಿಂಗಳು ಮುಚ್ಚಿಟ್ಟ ಯಂತ್ರವನ್ನು ಮೊದಲ ಸೆಕೆಗೇ ಗುಂಡಿ ಒತ್ತಿ ಓಡಿಸಬಾರದು ಎಂದು ನಮಗೆ ಕಲಿಸಿದವನು ನಮ್ಮ ಮಿಸ್ತ್ರಿ. ಜಿದ್ದಾದಲ್ಲಿ ಆರು ವರ್ಷ ಎ.ಸಿ. ಕೆಲಸ ಮಾಡಿ ತಿರುಗಿ ಬಂದ ಹುಡುಗ. ಮೊದಲು ಎಂ.ಸಿ.ಬಿ. ಇಳಿಸು, ಆಮೇಲೆ ಮುಚ್ಚಳಕ್ಕೆ ಕೈ ಹಾಕು ಎಂಬುದು ಅವನ ಬಿಸ್ಮಿಲ್ಲಾ. ಒಳಗಿನ ಯಂತ್ರದ ಜಾಳಿಗೆಗಳನ್ನು ಬಿಚ್ಚಿ ನಲ್ಲಿಯ ಕೆಳಗೆ ತೊಳೆದು ನೆರಳಿನಲ್ಲೇ ಒಣಗಿಸಬೇಕು, ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗುತ್ತದೆ. ಇದು ನಮ್ಮ ಕೆಲಸ, ಹದಿನೈದು ದಿನಕ್ಕೊಮ್ಮೆ ಮಾಡಬೇಕಾದದ್ದು. ಒಳಗಿನ ಕಾಯಿಲಿನ ತೆಳು ತಗಡುಗಳ ನಡುವೆ ಕೂತ ಕೊಳೆ ತೆಗೆಯುವುದು ಅವನ ಕೆಲಸ. ಯಂತ್ರಕ್ಕೆ ಪ್ಲಾಸ್ಟಿಕ್ ಜೋಳಿಗೆ ಕಟ್ಟಿ ಪಂಪಿನಿಂದ ನೀರು ಹೊಡೆದಾಗ ಬಕೆಟ್ಟಿಗೆ ಇಳಿದ ಕಪ್ಪು ನೀರನ್ನು ನೋಡಿ, ಇಷ್ಟು ದಿನ ಇದರ ಮೇಲೆ ಹಾದ ಗಾಳಿಯನ್ನೇ ಉಸಿರಾಡಿದೆವೇ ಎಂದು ಅಮ್ಮಿ ಮೂಗಿಗೆ ಸೆರಗು ಹಿಡಿದರು. ನೀರು ಹೋಗುವ ಪೈಪಿನ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅದನ್ನು ಬಿಡಿಸದೆ ಓಡಿಸಿದ್ದರೆ ನೀರೆಲ್ಲ ಅಮ್ಮಿಯ ಹಾಸಿಗೆಯ ಮೇಲೆ. ಹೊರಗಿನ ಪೆಟ್ಟಿಗೆಯ ಸರ್ಕ್ಯೂಟ್ ಬೋರ್ಡಿನ ಮೇಲೆ ಸತ್ತ ಹಲ್ಲಿ, ಹಿಂಬದಿಯಲ್ಲಿ ಪಾರಿವಾಳದ ಕಡ್ಡಿಗಳು. ಅರ್ಥಿಂಗ್ ಪರೀಕ್ಷಿಸಿ ಸ್ಟೆಬಿಲೈಜರಿನ ವೈರು ಬಿಗಿ ಮಾಡಿದ. ಇದಿಷ್ಟಕ್ಕೆ ಒಂದೂವರೆ ಗಂಟೆ.

ಮಾರ್ಚ್ ಬಂತೆಂದರೆ ‘ಗ್ಯಾಸ್ ಮುಗಿದಿದೆ, ತುಂಬಿಸಬೇಕು’ ಎಂದು ಎರಡು ಮೂರು ಸಾವಿರ ಕೇಳುವವರು ಗಲ್ಲಿ ಗಲ್ಲಿಗೆ ಬರುತ್ತಾರೆ. ನಮ್ಮ ಪಕ್ಕದ ಮನೆಯವರು ಎರಡು ವರ್ಷ ಸತತ ತುಂಬಿಸಿದರು. ಇದನ್ನು ಹೇಳಿದಾಗ ಮಿಸ್ತ್ರಿ ನಕ್ಕ. “ಗ್ಯಾಸ್ ಕೈಕು ಖತಮ್ ಹೋತಾ ಭಾಯಿ? ಗಾಡೀಕಾ ಪೆಟ್ರೋಲ್ ಹೈ ಕ್ಯಾ?” ಗಾಡಿಯ ಪೆಟ್ರೋಲಿನಂತೆ ಅದು ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ತಾಮ್ರದ ನಾಳದೊಳಗೆ ಅದೇ ಅನಿಲ ದ್ರವವಾಗುತ್ತ, ಮತ್ತೆ ಅನಿಲವಾಗುತ್ತ ವರ್ಷಗಟ್ಟಲೆ ತಿರುಗುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಆ ತೂತು ಹುಡುಕದೆ ತುಂಬಿಸುವವನು ಒಡೆದ ಕೊಡಕ್ಕೆ ನೀರು ಹೊಯ್ದು ಕೂಲಿ ಕೇಳಿದಂತೆ. ಹಳೆಯ ಯಂತ್ರಗಳಲ್ಲಿದ್ದ ಆರ್-22 ಓಝೋನ್ ಪದರವನ್ನು ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ದಾರಿಯಲ್ಲಿ ಅದು ಹಂತ ಹಂತವಾಗಿ ಹಿಂದೆ ಸರಿಯಿತು. ನಮ್ಮ ಯಂತ್ರದಲ್ಲಿರುವ ಆರ್-32 ಓಝೋನಿಗೆ ಕೈ ಹಾಕುವುದಿಲ್ಲ. ಆದರೆ ಒಂದು ಕಿಲೋ ಸೋರಿದರೆ, ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಕಾಯಿಸುವುದರಲ್ಲಿ 675 ಕಿಲೋ ಕಾರ್ಬನ್ ಡೈಆಕ್ಸೈಡಿಗೆ ಸಮ. ತಕ್ಕಮಟ್ಟಿಗೆ ಬೆಂಕಿ ಹಿಡಿಯುವ ಗುಣವೂ ಇದೆ. ಆದ್ದರಿಂದ ಪೈಪು ಬಿಚ್ಚುವಾಗ ಹತ್ತಿರ ಬೀಡಿ ಸೇದಬಾರದು ಎಂದು ಅವನು ನಮ್ಮ ಚಾಚಾರನ್ನು ಅಂಗಳದಿಂದ ಹೊರಗೆ ಕಳಿಸಿದ.

ಪೈಪು ಬಿಚ್ಚುವ ಪ್ರಸಂಗ ಬಂದದ್ದು ಹೊರಗಿನ ಪೆಟ್ಟಿಗೆಯಿಂದಾಗಿ. ಎ.ಸಿ. ತಂದಾಗ ಆ ಪೆಟ್ಟಿಗೆಯನ್ನು ಗಲ್ಲಿಯ ಕಡೆಯ ಗೋಡೆಗೆ ಕೂರಿಸಿದ್ದರು. ಆಗ ಎದುರಿಗಿದ್ದದ್ದು ಬೀಗ ಹಾಕಿದ ಖಾಲಿ ತಗಡಿನ ಶೆಡ್ಡು. ಕಳೆದ ಚಳಿಗಾಲದಲ್ಲಿ ಅದರ ಬೀಗ ತೆರೆಯಿತು. ಆಳಂದ ಕಡೆಯ ಹೆಣ್ಣುಮಗಳೊಬ್ಬಳು ಅದನ್ನು ಬಾಡಿಗೆಗೆ ಹಿಡಿದಳು. ಗಂಡ ತೊಗರಿ ಬೇಳೆಯ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದವನು, ಚೀಲ ಹೊತ್ತು ಸೊಂಟ ಕಳೆದುಕೊಂಡು ಮನೆ ಹಿಡಿದಿದ್ದಾನೆ. ಈಕೆ ಕಟ್ಟಿಗೆ ಒಲೆ ಹೂಡಿ ದಿನಕ್ಕೆ ನೂರೈವತ್ತು, ಇನ್ನೂರು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಬೆಳಿಗ್ಗೆ ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೇ ನಮ್ಮ ಮಕ್ಕಳು ಏಳುತ್ತಾರೆ. ಅಮ್ಮಿಗೂ ಅವಳಿಗೂ ಬೇಗ ಗೆಳೆತನವಾಯಿತು. ಕಟಕ್ ರೊಟ್ಟಿಯ ಕಟ್ಟು ಈ ಕಡೆ ಬರುತ್ತದೆ, ದಾಲ್ಚಾದ ಬಟ್ಟಲು ಆ ಕಡೆ ಹೋಗುತ್ತದೆ, ಮಾಂಸ ಹಾಕುವ ಮೊದಲೇ ತೆಗೆದಿಟ್ಟ ದಾಲ್ಚಾ.

ಗಲ್ಲಿಯ ಅಗಲ ಎಂಟು ಅಡಿ. ಕೂಲರಿಗೂ ಎ.ಸಿ.ಗೂ ಇರುವ ದೊಡ್ಡ ಭೇದ ಇಲ್ಲಿದೆ. ಎ.ಸಿ. ತಂಪನ್ನು ಉಂಟುಮಾಡುವುದಿಲ್ಲ, ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಒಂದೂವರೆ ಟನ್ನಿನ ಯಂತ್ರ ಪೂರ್ತಿ ಓಡುವಾಗ ಕೋಣೆಯೊಳಗಿನಿಂದ ಸುಮಾರು 5 ಕಿಲೋವ್ಯಾಟ್ ಬಿಸಿಯನ್ನು ಎತ್ತಿ, ತಾನು ತಿಂದ ಒಂದೂವರೆ ಕಿಲೋವ್ಯಾಟ್ ಕರೆಂಟಿನ ಬಿಸಿಯನ್ನೂ ಅದಕ್ಕೆ ಕೂಡಿಸಿ ಆಚೆಗೆ ಊದುತ್ತದೆ. ಸಾವಿರ ವ್ಯಾಟಿನ ಆರು ಹೀಟರುಗಳನ್ನು ಸಾಲಾಗಿ ಹಚ್ಚಿ ಹಿಂದೆ ಫ್ಯಾನ್ ಇಟ್ಟಂತೆ. ಅದರ ಎದುರಿಗೆ ಎಂಟು ಅಡಿ ದೂರದಲ್ಲಿ ತಲೆಯ ಮೇಲೆ ಕಾದ ತಗಡು, ಮುಂದೆ ಉರಿಯುವ ಒಲೆ, ನಡುವೆ ಒಬ್ಬ ಹೆಂಗಸು. ಅಮ್ಮಿಗೆ ಎ.ಸಿ. ಅತಿ ಅಗತ್ಯವಾದ ಹೊತ್ತು ಮಧ್ಯಾಹ್ನ ಹನ್ನೆರಡರಿಂದ ನಾಲ್ಕು. ಅವಳ ಎರಡನೆಯ ಬಾರಿಯ ರೊಟ್ಟಿಯ ಹೊತ್ತೂ ಅದೇ.

ಇದನ್ನು ನಾವು ಮನೆಯಲ್ಲಿ ಮಾತಾಡುತ್ತಿದ್ದುದು ಅವಳ ಕಿವಿಗೂ ಬಿತ್ತು. “ಇರ್ಲಿ ಬಿಡ್ರಿ ಭಾಯಿ, ಒಲಿ ಮುಂದ ಕುಂದ್ರಾಕಿಗಿ ಅದೊಂದು ಝಳ ಹೆಚ್ಚೇನ್ರಿ? ಮುದುಕಿ ಜೀವ ದೊಡ್ಡದು” ಎಂದಳು. ಅವಳ ದೊಡ್ಡ ಮನಸ್ಸಿನ ಮಾತು ಅದು. ಆದರೆ ಒಲೆಯ ಮುಂದೆ ಕೂರುವವಳಿಗೆ ಇನ್ನಷ್ಟು ಝಳ ಲೆಕ್ಕಕ್ಕಿಲ್ಲ ಎನ್ನುವುದು ಮೈಯ ಲೆಕ್ಕವಲ್ಲ. ಬಿಸಿಲಿನ ಅಪಾಯ ದುಡಿಯುವ ಮೈಗೂ ಇದೆ; ಬೆವರಿಗೆ ತಕ್ಕ ನೀರು, ಉಪ್ಪು, ನೆರಳು ಸಿಗದಿದ್ದರೆ ಮೂವತ್ತೈದರ ಪ್ರಾಯವೂ ಕಾಪಾಡುವುದಿಲ್ಲ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ಸಾವಿರಕ್ಕೂ ಹೆಚ್ಚು ಜೀವಗಳು ಹೋದಮೇಲೆ ಆ ನಗರ 2013ರಲ್ಲಿ ಬಿಸಿಲಿಗೆಂದೇ ಒಂದು ಕಾರ್ಯಯೋಜನೆ ಮಾಡಿಕೊಂಡಿತು. ಅಲ್ಲಿ ಮುಂದೆ ಬಡವರ ತಗಡಿನ, ಸಿಮೆಂಟಿನ ಸೂರುಗಳಿಗೆ ಬಿಳಿ ಸುಣ್ಣ ಬಳಿಯುವ ಕೆಲಸವೂ ನಡೆಯಿತು. ಬಿಸಿಲಿನಿಂದ ಯಾರು ಸಾಯುತ್ತಾರೆ ಎನ್ನುವುದನ್ನು ಅವರ ತಲೆಯ ಮೇಲಿನ ಸೂರೇ ಹೇಳಿಬಿಡುತ್ತದೆ.

ಅಮ್ಮಿ ಹೆಚ್ಚು ಮಾತಾಡಲಿಲ್ಲ. “ಹಮಾರೆ ಘರ್ ಕೀ ಗರ್ಮಿ ದುಸ್ರೇ ಕೆ ಘರ್ ಮೇ ಕೈಕು ಡಾಲ್ನಾ?” ಎಂದರು. ನಮ್ಮ ಮನೆಯ ಸೆಕೆಯನ್ನು ಇನ್ನೊಬ್ಬರ ಮನೆಗೆ ಯಾಕೆ ಸುರಿಯಬೇಕು? ಪೆಟ್ಟಿಗೆ ಮಾಳಿಗೆಗೆ ಹೋಗುವವರೆಗೂ ತಾನು ಗುಂಡಿ ಒತ್ತಲು ಬಿಡುವುದಿಲ್ಲ ಎಂದರು. ನಮಗೆ ಕಣ್ಣ ಮುಂದೆ ಬಂದದ್ದು ಮೇ 7ರ ಸಂಜೆ. ಮಾರ್ಚ್ ಎರಡನೆಯ ವಾರ ಆಗಲೇ ಹತ್ತಿರವಾಗಿತ್ತು. ಹಟ ಹಿಡಿದರೆ ಅಮ್ಮಿಯ ಮನಸ್ಸನ್ನು ತಿರುಗಿಸುವುದು ಸುಲಭವಲ್ಲ. ಖರ್ಚಿನ ಲೆಕ್ಕ ಹಾಕಿದೆವು: ಹೆಚ್ಚುವರಿ ತಾಮ್ರದ ಪೈಪು ಹನ್ನೆರಡು ಅಡಿ, ಅದರ ಮೇಲಿನ ಕಪ್ಪು ಹೊದಿಕೆ, ಕೇಬಲ್, ಕಬ್ಬಿಣದ ಸ್ಟ್ಯಾಂಡು, ಸ್ವಲ್ಪ ಗ್ಯಾಸು, ಕೂಲಿ. ಆರು ಸಾವಿರದ ಚಿಲ್ಲರೆ. ಈದ್ ಬಟ್ಟೆಗೆಂದು ತೆಗೆದಿಟ್ಟಿದ್ದ ಕವರು ಬೀರುವಿನಿಂದ ಹೊರಗೆ ಬಂತು. ದೊಡ್ಡ ಮಗಳು ಮುಖ ಊದಿಸಿಕೊಂಡಳು, ಅದೂ ಸಹಜವೇ.

ಮಿಸ್ತ್ರಿ ಬೆಳಿಗ್ಗೆ ಆರೂವರೆಗೇ ಬಂದ. ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ಬಯಲು ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ, ಕಾನೂನಿದೆ ಎಂದು ಅವನು ಹೇಳಿದ. ಇಲ್ಲಿ ಅಂಥ ತಡೆಯಿಲ್ಲದ್ದರಿಂದ ಏಪ್ರಿಲ್ ಬಂತೆಂದರೆ ಗಿರಾಕಿಗಳು ನಡು ಮಧ್ಯಾಹ್ನವೇ ಫೋನು ಮಾಡಿ, ಕಾದ ಸ್ಲ್ಯಾಬಿನ ಮೇಲೆ ಅವನನ್ನು ಕೂರಿಸಿಕೊಂಡು, ಬೇಗ ಮುಗಿಸು ಎನ್ನುತ್ತಾರಂತೆ. ಊರಿಗೆಲ್ಲ ತಂಪು ಹಂಚುವ ಹುಡುಗನ ಮನೆಯಲ್ಲಿ ಇರುವುದು ಒಂದು ಟೇಬಲ್ ಫ್ಯಾನು.

ಅವನು ಕೆಲಸ ಮಾಡಿದ ರೀತಿಯನ್ನು ಹೇಳಲೇಬೇಕು. ಯಂತ್ರ ಓಡುತ್ತಿರುವಾಗಲೇ ತೆಳು ಪೈಪಿನ ವಾಲ್ವು ಮುಚ್ಚಿದ. ಒಳಗಿದ್ದ ಗ್ಯಾಸೆಲ್ಲ ಹೊರಗಿನ ಪೆಟ್ಟಿಗೆಗೆ ಬಂದು ಸೇರಿತು. ಆಮೇಲೆ ದಪ್ಪ ಪೈಪಿನ ವಾಲ್ವು ಮುಚ್ಚಿ ಕರೆಂಟು ತೆಗೆದ. ಹೀಗೆ ಮಾಡದೆ ಪೈಪು ಕೊಯ್ದು ಗ್ಯಾಸನ್ನು ಗಾಳಿಗೆ ಬಿಟ್ಟು, ಆಮೇಲೆ ಹೊಸ ಗ್ಯಾಸಿನ ಬಿಲ್ಲು ಬರೆಯುವವರೂ ಇದ್ದಾರೆ ಎಂದ. ನಾವು ಮೂವರು ಕೂಡಿ ಪೆಟ್ಟಿಗೆಯನ್ನು ಹಗ್ಗದಿಂದ ಮಾಳಿಗೆಗೆ ಎಳೆದೆವು. ರೊಟ್ಟಿಯಾಕೆ ಹಿಟ್ಟಿನ ಕೈಯಲ್ಲೇ ಬಂದು ಕೆಳಗಿನಿಂದ ಆನಿಸಿ ಹಿಡಿದಳು. ರಬ್ಬರಿನ ಮೇಲೆ ಕೂರಿಸಿ, ಮುಖವನ್ನು ಬಯಲಿನ ಕಡೆಗೆ ತಿರುಗಿಸಿ, ಪೈಪುಗಳ ತುದಿ ಅರಳಿಸಿ ಬಿಗಿದಮೇಲೆ ಅರ್ಧ ಗಂಟೆ ವ್ಯಾಕ್ಯೂಮ್ ಪಂಪು ಓಡಿಸಿದ. ನಾಳದಲ್ಲಿ ಗಾಳಿಯಾಗಲಿ ತೇವವಾಗಲಿ ಉಳಿದರೆ ಕಂಪ್ರೆಸರಿನ ಆಯುಷ್ಯ ಕಡಿಮೆಯಂತೆ. ಕೊನೆಗೆ ವಾಲ್ವು ತೆರೆದು ಬೆಸುಗೆ ಬೆಸುಗೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಕಣ್ಣು ನೆಟ್ಟು ಕುಳಿತ. ಪೆಟ್ಟಿಗೆಯ ಮೇಲೆ ಒಂದೂವರೆ ಅಡಿ ಬಿಟ್ಟು ನೆರಳಿಗೆ ಚಪ್ಪರ ಹಾಕಲು ಹೇಳಿದ. ಮುಂದೆ ಹಿಂದೆ ಗಾಳಿಗೆ ಅಡ್ಡಿಯಾಗಬಾರದು ಎಂದು ಎರಡು ಸಲ ಎಚ್ಚರಿಸಿದ.

ಕರೆಂಟಿನ ಮಾತು ಉಳಿಯಿತು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದವರು ಪೂರ್ತಿ ಬಿಲ್ಲು ಕಟ್ಟಬೇಕು. ರಾತ್ರಿಯೆಲ್ಲ ಓಡಿದರೆ ನಮ್ಮ ಯಂತ್ರಕ್ಕೆ 8ರಿಂದ 10 ಯೂನಿಟ್ಟು ಬೇಕು. ಏಪ್ರಿಲ್, ಮೇ ಜೆಸ್ಕಾಂ ಬಿಲ್ಲಿನ ತಿಂಗಳುಗಳೆಂದು ಮೊದಲೇ ಬರೆದಿಟ್ಟುಕೊಂಡಿದ್ದೇವೆ. 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಕೋಣೆ ಎ.ಸಿ.ಗಳು 24 ಡಿಗ್ರಿಗೆ ಹೊಂದಿಕೊಂಡೇ ಬರಬೇಕೆಂಬ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಕರೆಂಟು ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಅಮ್ಮಿಗೆ 27 ಸಾಕು, ಅದಕ್ಕಿಂತ ಇಳಿದರೆ ಶಾಲು ಕೇಳುತ್ತಾರೆ. ಹದಿನೆಂಟಕ್ಕೆ ಇಳಿಸಿ ರಜಾಯಿ ಹೊದೆಯುವ ಶೋಕಿ ನಮ್ಮ ಹುಡುಗರಿಗಿದೆ, ರಿಮೋಟು ಅಮ್ಮಿಯ ದಿಂಬಿನ ಕೆಳಗಿದೆ.

ಈಗ ಪೆಟ್ಟಿಗೆ ಮಾಳಿಗೆಯ ಮೇಲೆ ಬಯಲಿಗೆ ಮುಖ ಮಾಡಿ ಗುಂಯ್ಗುಡುತ್ತದೆ. ಅದರ ಬಿಸಿ ಊರ ಗಾಳಿಯನ್ನೇ ಸೇರುತ್ತದೆ ಎನ್ನುವುದು ಗೊತ್ತಿದೆ, ಅದಕ್ಕೆ ಉತ್ತರ ನಮ್ಮ ಗಲ್ಲಿಯಲ್ಲಿಲ್ಲ. ಒಳಗಿನ ಯಂತ್ರದ ನೀರಿನ ಪೈಪನ್ನು ಬಕೆಟ್ಟಿಗೆ ಬಿಟ್ಟಿದ್ದೇವೆ. ಒಣ ಹವೆಯ ದಿನ ತಂಬಿಗೆಯಷ್ಟು ಸಿಕ್ಕರೆ ಹೆಚ್ಚು, ಮಳೆ ಹತ್ತಿರವಾದಾಗ ಬಕೆಟ್ಟೇ ತುಂಬುತ್ತದೆ. ಅಮ್ಮಿಯ ಪುದೀನಾ ಕುಂಡಕ್ಕೆ ಅದು ಹೋಗುತ್ತದೆ. ಅಟ್ಟದ ಮೇಲಿದ್ದ ಹಳೆಯ ಕೂಲರನ್ನು ಇಳಿಸಿದ್ದೇವೆ. ತೊಟ್ಟಿಗೆ ತುಕ್ಕು ಹಿಡಿದಿಲ್ಲ, ಪಂಪು ಹೋಗಿದೆ, ಪ್ಯಾಡು ಹೊಸದು ಬೇಕು. ಎದುರಿನ ಶೆಡ್ಡಿಗೆ ಒಂದು ಪ್ಲಗ್ ಪಾಯಿಂಟ್ ಎಳೆಯಲು ಮಾಲೀಕರು ಒಪ್ಪಿದ್ದಾರೆ. ತಗಡಿನ ಮೇಲೆ ಎರಡು ಕೈ ಸುಣ್ಣ ಬಳಿಯಲು ಭಾನುವಾರ ನಮ್ಮ ಹುಡುಗರೇ ಹತ್ತುತ್ತಾರಂತೆ, ಬಿಸಿಲೇರುವ ಮೊದಲು. ಸುಣ್ಣಕ್ಕೆ ಎಷ್ಟು ಅಂಟು ಬೆರೆಸಬೇಕು ಎಂದು ಮಿಸ್ತ್ರಿಯನ್ನು ಕೇಳಬೇಕು.